ಎರಡು ಜಿಲ್ಲೆಗಳು ಇಲ್ಲವಾದ ನಾಲ್ಕು ವರ್ಷ: ರಂಗಾಚಾರ್ಲು ಅವರ ವೆಚ್ಚ ಕಡಿತ

ರಾಜ್ಯದ ಆಯ–ವ್ಯಯಗಳಿಗೆ ಸೋಮದೇವಸೂರಿಗಳು ತಮ್ಮ ‘ನೀತಿವಾಕ್ಯಾಮೃತ’ದಲ್ಲಿ ಮುನಿಯ ಕಮಂಡಲುವನ್ನು ದೃಷ್ಟಾಂತವಾಗಿ ತಂದಿದ್ದಾರೆ. ನೀರು ತುಂಬುವ ಬಾಯಿ ಅಗಲ, ಹೊರಬೀಳುವ ನಳಿಗೆ ಕಿರಿದು. ಹತ್ತನೆಯ ಶತಮಾನದ ಈ ಹೋಲಿಕೆಯನ್ನು ರಾಜನೀತಿಯ ಪಾಠ ಹೇಳುವಾಗಲೆಲ್ಲ ನಾವು ಉದಾಹರಿಸುತ್ತೇವೆ. ಆದರೆ ಆ ಕಿರಿದಾದ ನಳಿಗೆಯ ಕೆಳಗೆ ಬೊಗಸೆಯೊಡ್ಡಿ ನಿಂತವರು ಯಾರೆಂದು ವಿಚಾರಿಸುವುದು ಕಡಿಮೆ. ಸರ್ಕಾರದ ಖರ್ಚು ಕಡಿಮೆಯಾಯಿತೆಂದು ದಾಖಲೆ ಹೇಳುವಾಗ, ಆ ಖರ್ಚು ನಿಜವಾಗಿ ಇಲ್ಲವಾಯಿತೋ, ಅಥವಾ ಲೆಕ್ಕಕ್ಕೆ ಸಿಗದ ಯಾರದೋ ಹೆಗಲಿಗೆ ವರ್ಗವಾಯಿತೋ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿ ಕೇಳಲೇಬೇಕಾಗುತ್ತದೆ. ಮೈಸೂರು ಸಂಸ್ಥಾನದ ಆಡಳಿತ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಸಾಕಷ್ಟು ಸಾಮಗ್ರಿಯಿದೆ. ಅದರಲ್ಲಿ 1881ರಿಂದ 1886ರವರೆಗಿನ ಪ್ರಕರಣವೊಂದನ್ನು ಇಲ್ಲಿ ವಿವರವಾಗಿ ನೋಡುವುದು ನನ್ನ ಉದ್ದೇಶ. ಅದಕ್ಕೆ ಮೊದಲು ಹಿನ್ನೆಲೆಯಾಗಿ ಎರಡು ಮಾತು.

ಮೈಸೂರಿನಲ್ಲಿ ಮಿತವ್ಯಯದ ಹೆಸರು ಬಂದೊಡನೆ ನೆನಪಾಗುವವನು ಚಿಕ್ಕದೇವರಾಜ ಒಡೆಯ (1673–1704). ಜಿಲ್ಲೆಗಳಿಂದ ಬಂದ ಹಣದಲ್ಲಿ ಎರಡು ಚೀಲ ವರಹಗಳು ಬೊಕ್ಕಸ ಸೇರುವವರೆಗೆ ಬೆಳಗಿನ ಆಹಾರ ಮುಟ್ಟುತ್ತಿರಲಿಲ್ಲವೆಂದು ವಿಲ್ಕ್ಸ್ ಬರೆದಿದ್ದಾನೆ. ‘ನವಕೋಟಿ ನಾರಾಯಣ’ ಎಂಬ ಬಿರುದು ಅವನಿಗೆ ಬಂದದ್ದು ಹಾಗೆ. ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದ ‘ಅಠಾರ ಕಚೇರಿ’ಯ ವ್ಯವಸ್ಥೆಯೂ ಅವನದೇ. ನಿರೂಪದ ಚಾವಡಿ, ಆಯಕಟ್ಟಿನ ಚಾವಡಿ, ಸುಂಕದ ಚಾವಡಿ, ಬೇಹಿನ ಚಾವಡಿ, ಬೆಣ್ಣೆ ಚಾವಡಿ ಎಂಬ ಹೆಸರುಗಳಲ್ಲಿ ಒಂದು ಸರ್ಕಾರ ತನ್ನ ಕೆಲಸವನ್ನು ಎಷ್ಟು ಸ್ಪಷ್ಟವಾಗಿ ಹಂಚಿಕೊಂಡಿತ್ತೆಂಬುದು ಕಾಣುತ್ತದೆ. ಕಬ್ಬಿಣಕ್ಕೊಂದು, ಹೊಗೆಸೊಪ್ಪಿಗೊಂದು ಚಾವಡಿ ಇದ್ದವು. ಇಂದಿನ ಇಲಾಖೆಗಳ ಹೆಸರಿಗಿಂತ ಇವು ಹೆಚ್ಚು ನೇರವಾಗಿವೆ ಎಂದು ನನಗನ್ನಿಸುತ್ತದೆ. ಕೆಲಸವೇನೆಂದು ಹೆಸರೇ ಹೇಳುತ್ತದೆ.

ಆದರೆ ಇದೇ ಅರಸನ ಕಾಲದಲ್ಲಿ ಭೂಕಂದಾಯದ ಶಾಸ್ತ್ರೋಕ್ತ ಪ್ರಮಾಣವಾದ ಆರನೆಯ ಒಂದು ಭಾಗವನ್ನು ಕಾಗದದ ಮೇಲೆ ಹಾಗೆಯೇ ಇಟ್ಟು, ಪಕ್ಕದಲ್ಲಿ ಹತ್ತಾರು ಸಣ್ಣ ತೆರಿಗೆಗಳನ್ನು ಹೇರಲಾಯಿತು. ರೈತರು ಪ್ರತಿಭಟಿಸಿದರು. ಆ ಪ್ರತಿಭಟನೆಯನ್ನು ಅಡಗಿಸಿದ ರೀತಿಯ ಬಗೆಗಿನ ಕಥನಗಳು ಭೀಕರವಾಗಿವೆ. ಅರಸನ ಬಾಲ್ಯದ ಒಡನಾಡಿಯೂ ಪ್ರಧಾನಿಯೂ ಆಗಿದ್ದ ಯಳಂದೂರಿನ ಜೈನ ಪಂಡಿತ ವಿಶಾಲಾಕ್ಷ 1686ರಲ್ಲಿ ಕೊಲೆಯಾದದ್ದನ್ನೂ ಈ ಆಕ್ರೋಶದೊಡನೆಯೇ ಚರಿತ್ರಕಾರರು ಜೋಡಿಸುತ್ತಾರೆ. ಪ್ರಧಾನಿಯ ಸ್ಥಾನಕ್ಕೆ ತಿರುಮಲಾರ್ಯ ಬಂದ. ಅವನ ಕಾಲದ ಆಸ್ಥಾನಸಾಹಿತ್ಯವನ್ನು ನಾವು ತರಗತಿಯಲ್ಲಿ ಅರಸನ ವೈಭವದ ಸಾಕ್ಷ್ಯವಾಗಿ ಓದುತ್ತೇವೆ. ಆ ವೈಭವದ ಹಿಂದಿನ ಆಯಕಟ್ಟಿನ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಬೇರೆಯೇ ಧ್ವನಿ ಕೇಳಿಸೀತು. ಅದು ಇನ್ನೊಂದು ಲೇಖನದ ವಿಷಯ.

ಎರಡನೆಯ ಉದಾಹರಣೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ದಿವಾನ್ ಪೂರ್ಣಯ್ಯ 1811ರಲ್ಲಿ ಅಧಿಕಾರ ಬಿಟ್ಟುಕೊಡುವಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮಿಗಿಲಾದ ಉಳಿತಾಯವಿತ್ತು. ಎರಡು ದಶಕಗಳೊಳಗೆ ಅದು ಕರಗಿತು. ಆಮೇಲೆ ಪ್ರಬಲವಾದದ್ದು ‘ಶರತ್ತು’ ಪದ್ಧತಿ: ತಾಲ್ಲೂಕಿನ ಅಮಲ್ದಾರನು ಇಂತಿಷ್ಟು ಹಣವನ್ನು ಸರ್ಕಾರಕ್ಕೆ ಸಲ್ಲಿಸುವುದಾಗಿ ಬರೆದುಕೊಡಬೇಕು, ವಸೂಲಿ ಕಡಿಮೆಯಾದರೆ ಕೈಯಿಂದ ತುಂಬಬೇಕು. ಹುಜೂರಿನ ದೃಷ್ಟಿಯಿಂದ ಇದಕ್ಕಿಂತ ಅಗ್ಗದ ಆಡಳಿತ ಮತ್ತೊಂದಿಲ್ಲ. ತಪಾಸಣೆಯ ಖರ್ಚಿಲ್ಲ, ಬಾಕಿಯ ತಲೆನೋವಿಲ್ಲ, ಬರಗಾಲದ ನಷ್ಟವೂ ಸರ್ಕಾರದ್ದಲ್ಲ. ಅಮಲ್ದಾರನೇನು ತನ್ನ ಮನೆಯ ಒಡವೆ ಮಾರಿ ಶರತ್ತು ತೀರಿಸುತ್ತಿದ್ದನೆ? ರೈತನ ಹಟ್ಟಿಯ ಮುಂದೆ ನಿಂತು ತೀರಿಸಿಕೊಳ್ಳುತ್ತಿದ್ದ. 1830ರಲ್ಲಿ ನಗರ ಪ್ರಾಂತ ದಂಗೆಯೆದ್ದಿತು. 1831ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಗ್ಗದ ಆಡಳಿತಕ್ಕೆ ಸಂಸ್ಥಾನ ತೆತ್ತ ಬೆಲೆ ಐವತ್ತು ವರ್ಷಗಳ ಪರಾಧೀನತೆ. ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ ಕಾದಂಬರಿ ಚಿತ್ರಿಸುವುದು ಮುಮ್ಮಡಿಯವರ ಕಾಲದ ಮೈಸೂರನ್ನೇ. ಪುಟ್ಟಣ್ಣನವರು ಸ್ವತಃ ಅಮಲ್ದಾರರಾಗಿದ್ದವರು ಎಂಬುದನ್ನು ಕಾದಂಬರಿ ಓದುವ ವಿದ್ಯಾರ್ಥಿಗಳು ಮರೆಯಬಾರದು.

ಕಮಿಷನರುಗಳ ಐವತ್ತು ವರ್ಷಗಳಲ್ಲಿ ಆಡಳಿತದ ಸ್ವರೂಪ ಎರಡು ಬಾರಿ ಬದಲಾಯಿತು. 1834ರಿಂದ 1861ರವರೆಗೆ ಇದ್ದ ಮಾರ್ಕ್ ಕಬ್ಬನ್ ಹಳೆಯ ಚೌಕಟ್ಟನ್ನು ಹೆಚ್ಚು ಕದಲಿಸಲಿಲ್ಲ. ಅವನು ಮಾಡಿದ ದೊಡ್ಡ ಕೆಲಸವೆಂದರೆ ಕಾಲಕಾಲಕ್ಕೆ ಶೇಖರಗೊಂಡಿದ್ದ ಕಿರುಕುಳದ ಸಣ್ಣ ತೆರಿಗೆಗಳನ್ನು ಕಿತ್ತುಹಾಕಿದ್ದು. ಅವುಗಳ ಸಂಖ್ಯೆ 769 ಎಂದು ರೈಸ್ ತನ್ನ ಗೆಜೆಟಿಯರಿನಲ್ಲಿ ದಾಖಲಿಸಿದ್ದಾನೆ. ಈ ಅಂಕಿಯ ಮುಂದೆ ಒಂದು ಕ್ಷಣ ನಿಲ್ಲಬೇಕು. ಒಂದೊಂದು ತೆರಿಗೆಗೂ ಒಂದು ಲೆಕ್ಕ, ಒಂದು ಕಟ್ಟೆ, ಅದನ್ನು ಕಾಯುವ ಒಬ್ಬ ಆಳು. ಬೊಕ್ಕಸಕ್ಕೆ ಬರುವುದು ಕಾಸು, ನಡುವೆ ಸೋರುವುದು ಅದಕ್ಕಿಂತ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಮೈಸೂರಿನ ಚರಿತ್ರೆಯ ನಿಜವಾದ ವೆಚ್ಚ ಕಡಿತ ಇದು. ಸರ್ಕಾರದ ಕೆಲಸವೂ ಕಡಿಮೆಯಾಯಿತು, ಪ್ರಜೆಯ ಕಷ್ಟವೂ ಕಡಿಮೆಯಾಯಿತು. ಇಂಥ ಸಂದರ್ಭಗಳು ಅಪರೂಪ.

ಕಬ್ಬನ್ನನ ನಂತರ ಬಂದ ಬೌರಿಂಗ್ 1863ರಲ್ಲಿ ಸಂಸ್ಥಾನವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗಗಳಾಗಿ, ಎಂಟು ಜಿಲ್ಲೆಗಳಾಗಿ ಪುನರ್ವಿಂಗಡಿಸಿದ: ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಹಾಸನ, ಶಿವಮೊಗ್ಗ, ಕಡೂರು, ಚಿತ್ರದುರ್ಗ. ಮೋಜಣಿ, ಅರಣ್ಯ, ವಿದ್ಯಾಭ್ಯಾಸ, ಲೋಕೋಪಯೋಗಿ ಇಲಾಖೆಗಳು ಬೆಳೆದವು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು, ಬಳಪದಿಂದ ಬರೆದು ಮಡಚಿಡುತ್ತಿದ್ದ ಕಡತಗಳ ಜಾಗಕ್ಕೆ ಕಾಗದದ ಕಟ್ಟುಗಳು ಬರತೊಡಗಿದವು. (‘ಕಡತ’ ಎಂಬ ಮಾತು ಮಾತ್ರ ಉಳಿಯಿತು, ಬಟ್ಟೆಯ ಕಡತವನ್ನು ಕಂಡರಿಯದ ಇಂದಿನ ಗುಮಾಸ್ತರೂ ಅದೇ ಮಾತನ್ನು ಬಳಸುತ್ತಾರೆ.) ಆಡಳಿತ ಹೆಚ್ಚು ಕ್ರಮಬದ್ಧವಾಯಿತೆಂಬುದರಲ್ಲಿ ಸಂದೇಹವಿಲ್ಲ. ದುಬಾರಿಯಾಯಿತೆಂಬುದರಲ್ಲಿಯೂ ಇಲ್ಲ. ಮೇಲಿನ ಹುದ್ದೆಗಳೆಲ್ಲ ಹೆಚ್ಚಿನ ಸಂಬಳದ ಐರೋಪ್ಯ ಅಧಿಕಾರಿಗಳ ಪಾಲಾಗಿದ್ದವು.

ಇದನ್ನು ಎತ್ತಿ ತೋರಿಸಿದವರೇ ಸಿ. ರಂಗಾಚಾರ್ಲು. ಮದರಾಸು ಪ್ರಾಂತದ ಸೇವೆಯಲ್ಲಿದ್ದ ಅವರು ಮೈಸೂರಿಗೆ ಬಂದದ್ದು 1868ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಮೇಲೆ. ಅರಮನೆಯ ಸಾಲಸೋಲಗಳ ಇತ್ಯರ್ಥ ಮತ್ತು ಅಲ್ಲಿನ ಸಿಬ್ಬಂದಿಯ ಪುನರ್ವ್ಯವಸ್ಥೆಯಲ್ಲಿ ಎಲಿಯಟ್ ಎಂಬ ಅಧಿಕಾರಿಗೆ ನೆರವಾಗುವುದು ಅವರಿಗೆ ವಹಿಸಿದ್ದ ಕೆಲಸ. ಮುಂದೆ ಅವರು ಅರಮನೆಯ ಕಂಟ್ರೋಲರ್ ಆದರು. ಮೈಸೂರಿನಲ್ಲಿ ಅವರ ಕೈಗೆ ಬಂದ ಮೊದಲ ಕೆಲಸವೇ ಖರ್ಚಿನ ಲೆಕ್ಕ ನೋಡುವುದಾಗಿತ್ತೆಂಬುದು ಗಮನಾರ್ಹ. 1874ರಲ್ಲಿ ಅವರು ಮೈಸೂರಿನ ಬ್ರಿಟಿಷ್ ಆಡಳಿತವನ್ನು ವಿಮರ್ಶಿಸುವ ಇಂಗ್ಲಿಷ್ ಪುಸ್ತಿಕೆಯೊಂದನ್ನು ತಮ್ಮ ಹೆಸರಿಲ್ಲದೆ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಕಮಿಷನ್ನಿನ ಆಡಳಿತ ವರ್ಷದಿಂದ ವರ್ಷಕ್ಕೆ ದುಬಾರಿಯಾಗುತ್ತಿದೆ, ನಾಡಿನವರಿಗೆ ಅದರಲ್ಲಿ ಸ್ಥಾನವಿಲ್ಲ ಎಂಬುದು ಅದರ ತಿರುಳು. ಈ ಎರಡು ಆಕ್ಷೇಪಗಳನ್ನು ಅವರು ಬೇರೆಬೇರೆಯಾಗಿ ಕಾಣಲಿಲ್ಲ. ಖರ್ಚಿನ ಪ್ರಶ್ನೆ ಅವರಿಗೆ ಮೊದಲಿನಿಂದಲೂ ಅಧಿಕಾರದ ಪ್ರಶ್ನೆಯಾಗಿತ್ತು.

ಪುಸ್ತಿಕೆ ಹೊರಬಂದ ಎರಡೇ ವರ್ಷಗಳಲ್ಲಿ ಮಹಾಕ್ಷಾಮ ಬಂದಿತು. 1876–78ರ ಬರದ ಪರಿಣಾಮವನ್ನು ಜನಗಣತಿಯ ಎರಡು ಅಂಕಿಗಳು ಹೇಳುತ್ತವೆ: 1871ರಲ್ಲಿ 50,55,102 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188. ಊರೂರುಗಳೇ ಬರಿದಾದವು. ಬೊಕ್ಕಸದ ಸ್ಥಿತಿಯೂ ಹಾಗೆಯೇ. ಕೂಡಿಟ್ಟಿದ್ದ 63 ಲಕ್ಷ ರೂಪಾಯಿ ಕರಗಿ, ಮೇಲೆ 80 ಲಕ್ಷ ರೂಪಾಯಿ ಸಾಲವಾಯಿತು. ಇಂಥ ಸ್ಥಿತಿಯಲ್ಲಿದ್ದ ಸಂಸ್ಥಾನವನ್ನು 1881ರ ಮಾರ್ಚ್ 25ರಂದು ಬ್ರಿಟಿಷರು ಚಾಮರಾಜ ಒಡೆಯರಿಗೆ ಹಿಂತಿರುಗಿಸಿದರು. ರಂಗಾಚಾರ್ಲು ದಿವಾನರಾದರು.

ಹೊಸ ದಿವಾನರ ಮುಂದಿದ್ದ ಲೆಕ್ಕವನ್ನು ನಾವೂ ಒಮ್ಮೆ ಹಾಕಿ ನೋಡಬಹುದು. ಸಂಸ್ಥಾನದ ವಾರ್ಷಿಕ ಆದಾಯ ಸುಮಾರು ಒಂದು ಕೋಟಿ ರೂಪಾಯಿ. ಅದರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಸಲ್ಲಬೇಕಾದ ಪೊಗದಿ 24.5 ಲಕ್ಷ, ಎಂದರೆ ಹೆಚ್ಚುಕಡಿಮೆ ಕಾಲುಭಾಗ. ಅಧಿಕಾರ ಹಿಂತಿರುಗಿಸುವ ಕರಾರಿನಲ್ಲಿ ಇದನ್ನು 35 ಲಕ್ಷಕ್ಕೆ ಏರಿಸಲಾಗಿತ್ತು. ಬರದ ಕಾರಣದಿಂದ ಏರಿಕೆಯನ್ನು ಐದು ವರ್ಷ ಮುಂದೂಡಿದ್ದರು, ಆಮೇಲೆ ಮತ್ತೆ 1896ರವರೆಗೆ ಮುಂದೂಡಿದರು. ಇದಲ್ಲದೆ ಸಾಲದ ಬಡ್ಡಿ, ಅರಮನೆಯ ವೆಚ್ಚ. ಇವುಗಳಲ್ಲಿ ಒಂದನ್ನೂ ದಿವಾನರು ಮುಟ್ಟುವಂತಿರಲಿಲ್ಲ. ಜನರ ಮೇಲೆ ಹೊಸ ತೆರಿಗೆ ಹಾಕುವುದು ಬರದಿಂದ ಬದುಕುಳಿದವರ ಮೇಲೆ ಮತ್ತೊಂದು ಬರವನ್ನು ತಂದಂತೆ. ಕತ್ತರಿಸಬಹುದಾದದ್ದು ಎಂದರೆ ನೌಕರವರ್ಗದ ವೆಚ್ಚವೊಂದೇ. ವೆಚ್ಚ ಕಡಿತದ ನಿರ್ಧಾರಗಳನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಕತ್ತರಿಸಿದ್ದನ್ನು ಮಾತ್ರ ನೋಡುತ್ತಾರೆ. ಕತ್ತರಿಸಲು ಆಸ್ಪದವೇ ಇಲ್ಲದೆ ಮೊದಲೇ ಕಟ್ಟಿಹಾಕಿದ ಭಾಗ ಎಷ್ಟಿತ್ತೆಂಬುದನ್ನೂ ನೋಡದಿದ್ದರೆ ರಂಗಾಚಾರ್ಲು ಅವರಿಗೆ ಅನ್ಯಾಯವಾದೀತು.

ಅವರು ಕತ್ತರಿಸಿದರು. ಐರೋಪ್ಯ ಅಧಿಕಾರಿಗಳ ಸಂಖ್ಯೆ ಇಳಿಯಿತು, ಅದು ನಿರೀಕ್ಷಿತವೇ. ಕೆಲವು ತಾಲ್ಲೂಕುಗಳು ಉಪ-ತಾಲ್ಲೂಕುಗಳಾದವು. 1882ರಲ್ಲಿ ಹಾಸನ ಮತ್ತು ಚಿತ್ರದುರ್ಗ ಎಂಬ ಎರಡು ಜಿಲ್ಲೆಗಳನ್ನೇ ರದ್ದುಮಾಡಲಾಯಿತು. ಎಂಟರಲ್ಲಿ ಎರಡು ಹೋಗಿ ಆರು ಉಳಿದವು.

ಆದರೆ ಇದೇ ದಿವಾನರು, ಇದೇ ತಿಂಗಳುಗಳಲ್ಲಿ, ಎರಡು ಕಡೆ ಕೈ ಬಿಗಿಹಿಡಿಯಲಿಲ್ಲ. ಒಂದು ರೈಲು. ಬರಗಾಲದಲ್ಲಿ ಪರಿಹಾರದ ಕೆಲಸವಾಗಿ ಆರಂಭವಾಗಿದ್ದ ಬೆಂಗಳೂರು–ಮೈಸೂರು ಮಾರ್ಗವನ್ನು ಅವರು 1882ರಲ್ಲಿ ಪೂರ್ಣಗೊಳಿಸಿದರು. ಸಾಲದಲ್ಲಿ ಮುಳುಗಿದ ಸರ್ಕಾರಕ್ಕೆ ರೈಲು ಏಕೆಂದು ಕೇಳುವವರು ಅಂದೂ ಇದ್ದಿರಬೇಕು. ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲಾರದೆ ಜನ ಸತ್ತದ್ದನ್ನು ನೋಡಿದ ದಿವಾನರಿಗೆ ಅದು ಖರ್ಚಾಗಿ ತೋರಲಿಲ್ಲ.

ಇನ್ನೊಂದು ಪ್ರಜಾಪ್ರತಿನಿಧಿ ಸಭೆ. 1881ರ ಆಗಸ್ಟ್ 25ರಂದು ಆದೇಶ ಹೊರಟಿತು; ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, 144 ಮಂದಿ ಮೈಸೂರಿನಲ್ಲಿ ಸೇರಿದರು. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ತಿಳಿವಳಿಕಸ್ಥ ಭೂಹಿಡುವಳಿದಾರರು, ಜಿಲ್ಲೆಗೆ ಮೂರುನಾಲ್ಕು ಮಂದಿ ಪ್ರಮುಖ ವರ್ತಕರು. ಅವರಿಗೆ ಮತದಾನದ ಅಧಿಕಾರವಿರಲಿಲ್ಲ, ಅವರು ಚುನಾಯಿತರೂ ಅಲ್ಲ. ಸರ್ಕಾರ ಮಾಡಿದ್ದನ್ನು ಕೇಳಿಸಿಕೊಳ್ಳುವುದು, ತಮ್ಮ ಸೀಮೆಯ ಕುಂದುಕೊರತೆಗಳನ್ನು ಹೇಳಿಕೊಳ್ಳುವುದು, ಅಷ್ಟೇ ಅವರ ಕೆಲಸ. ನಮ್ಮ ಪಠ್ಯಗಳು ಈ ಸಭೆಯನ್ನು ಭಾರತದ ಪ್ರಜಾತಂತ್ರದ ಮೊದಲ ಚಿಗುರುಗಳಲ್ಲಿ ಒಂದೆಂದು ಬಣ್ಣಿಸುತ್ತವೆ, ಜಿಲ್ಲೆಗಳ ರದ್ದತಿಯನ್ನು ಹಣಕಾಸಿನ ಅಧ್ಯಾಯದಲ್ಲಿ ಒಂದು ಸಾಲಿಗೆ ಮುಗಿಸುತ್ತವೆ. ಎರಡನ್ನೂ ಒಂದೇ ಪುಟದಲ್ಲಿಟ್ಟು ಓದಬೇಕೆಂಬುದು ನನ್ನ ವಾದ. ಸರ್ಕಾರದ ಕಣ್ಣು ಕಿವಿಗಳಾಗಿದ್ದ ಅಧಿಕಾರಿಗಳನ್ನು ಕಡಿಮೆ ಮಾಡುತ್ತಿರುವ ದಿವಾನನಿಗೆ ನಾಡಿನ ಸುದ್ದಿ ತಿಳಿಯಲು ಬೇರೆ ದಾರಿ ಬೇಕು. ಡೆಪ್ಯುಟಿ ಕಮಿಷನರನ ವರದಿ ಹೇಳುತ್ತಿದ್ದುದನ್ನು, ಅಥವಾ ಮುಚ್ಚಿಡುತ್ತಿದ್ದುದನ್ನು, ವರ್ಷಕ್ಕೊಮ್ಮೆ ದಸರೆಗೆ ಬಂದ ಹಿಡುವಳಿದಾರನು ನೇರವಾಗಿ ಹೇಳುತ್ತಾನೆ. ಸಂಬಳವಿಲ್ಲದ ಮಾಹಿತಿಯ ಮೂಲವದು. ಇಂಥ ಲೆಕ್ಕಾಚಾರ ಸಭೆಯ ಘನತೆಯನ್ನು ಕುಗ್ಗಿಸುತ್ತದೆಂದು ಭಾವಿಸಬೇಕಾಗಿಲ್ಲ. ಹತ್ತು ವರ್ಷಗಳಲ್ಲಿ ಅದಕ್ಕೆ ಚುನಾವಣೆಯ ಹಕ್ಕು ಬಂದಿತು.

ಹಾಗಿದ್ದರೆ ಹಾಸನ, ಚಿತ್ರದುರ್ಗಗಳಲ್ಲಿ ಆದುದೇನು? ಜಿಲ್ಲೆ ಎಂದರೆ ನಕಾಶೆಯ ಮೇಲಿನ ಗೆರೆ ಎಂದು ತಿಳಿದವರಿಗೆ ಇದು ದೊಡ್ಡ ಸಂಗತಿಯಾಗಿ ಕಾಣದು. ಹತ್ತೊಂಬತ್ತನೆಯ ಶತಮಾನದ ರೈತನಿಗೆ ಜಿಲ್ಲೆ ಎಂದರೆ ಅವನ ಮೇಲ್ಮನವಿ ತಲುಪಬೇಕಾದ ಊರು. ಶಾನುಭೋಗ ತಪ್ಪು ಬರೆದರೆ ಅಮಲ್ದಾರನಿದ್ದಾನೆ. ಅಮಲ್ದಾರನೇ ತಪ್ಪು ಮಾಡಿದರೆ? ಆಗ ಅರ್ಜಿ ಹಿಡಿದು ಹೋಗಬೇಕಾದದ್ದು ಡೆಪ್ಯುಟಿ ಕಮಿಷನರನ ಕಚೇರಿಗೆ. ಅದು ನೆರೆಯ ಜಿಲ್ಲೆಗೆ ಸರಿದರೆ, ಒಂದು ಹಗಲಿನ ದಾರಿ ಹಲವು ಹಗಲುಗಳ ದಾರಿಯಾಗುತ್ತದೆ. ಆ ದಿನಗಳಲ್ಲಿ ಹಾಸನಕ್ಕಾಗಲಿ ಚಿತ್ರದುರ್ಗಕ್ಕಾಗಲಿ ರೈಲು ಇರಲಿಲ್ಲ. ಎತ್ತಿನ ಗಾಡಿ, ಇಲ್ಲವೆ ಕಾಲ್ನಡಿಗೆ. ಬುತ್ತಿ, ಛತ್ರ, ಕಚೇರಿಯ ಮುಂದೆ ಕಾಯುವ ದಿನಗಳು, ಆ ದಿನಗಳಲ್ಲಿ ಬಿದ್ದುಹೋದ ಹೊಲದ ಕೆಲಸ – ಇವೆಲ್ಲ ಖರ್ಚುಗಳೇ. ಹುಜೂರಿನ ಲೆಕ್ಕದಲ್ಲಿ ಇವಕ್ಕೆ ಬಾಬು ಇಲ್ಲ. ಸರ್ಕಾರ ಒಂದು ಜಿಲ್ಲೆಯ ಸಿಬ್ಬಂದಿಯ ಸಂಬಳವನ್ನು ಉಳಿಸಿತು. ಆ ಸಿಬ್ಬಂದಿ ತುಂಬುತ್ತಿದ್ದ ದೂರವನ್ನು ಪ್ರಜೆ ನಡೆದು ತುಂಬಿದ. ಅದೂ ಎಂಥ ಪ್ರಜೆ? ಬರದಲ್ಲಿ ದನಕರು ಕಳೆದುಕೊಂಡವನು. ಗಾಡಿ ಕಟ್ಟಲು ಅವನಲ್ಲಿ ಎತ್ತುಗಳೇ ಉಳಿದಿದ್ದವೋ ಇಲ್ಲವೋ.

ಇನ್ನೂ ಒಂದು ವಿಷಯವಿದೆ. ಮೇಲಧಿಕಾರಿ ದೂರವಾದಷ್ಟೂ ಕೆಳಗಿನ ಅಧಿಕಾರಿ ದೊಡ್ಡವನಾಗುತ್ತಾನೆ. ಶರತ್ತಿನ ಕಾಲದಲ್ಲಿ ಅಮಲ್ದಾರರು ಮೆರೆದದ್ದು ಹುಜೂರು ನೋಡದೆ ಇದ್ದುದರಿಂದ. ರಂಗಾಚಾರ್ಲು ಅವರ ವ್ಯವಸ್ಥೆ ಆ ಮಟ್ಟಕ್ಕೆ ಇಳಿಯಿತೆಂದು ನಾನು ಹೇಳುತ್ತಿಲ್ಲ. ಲಿಖಿತ ನಿಯಮಗಳಿದ್ದವು, ನ್ಯಾಯಾಲಯಗಳಿದ್ದವು, ಪತ್ರಿಕೆಗಳು ಹುಟ್ಟುತ್ತಿದ್ದವು, ವರ್ಷಕ್ಕೊಮ್ಮೆ ಸಭೆಯಿತ್ತು. ಆದರೆ ತಪಾಸಣೆ ಎಂಬುದು ಕಾಗದದಿಂದ ಆಗುವ ಕೆಲಸವಲ್ಲ. ಜಮಾಬಂದಿಗೆ ಬಂದ ಅಧಿಕಾರಿ ಊರ ಹೊರಗೆ ಡೇರೆ ಹಾಕಿ ಕುಳಿತಾಗ ರೈತನೊಬ್ಬ ಮುಂದೆ ಬಂದು ಮಾತಾಡುವುದಕ್ಕೆ, ಅದೇ ರೈತ ದಸರೆಯ ಸಭೆಗೆ ಹೋಗುವ ತನ್ನ ತಾಲ್ಲೂಕಿನ ದೊಡ್ಡ ಹಿಡುವಳಿದಾರನ ಬಾಯಿಂದ ಮಾತಾಡಿಸುವುದು ಸಮವಾಗದು. ಆ ಹಿಡುವಳಿದಾರನ ಮೇಲೆಯೇ ಅವನ ದೂರು ಇದ್ದರಂತೂ ಮುಗಿದೇಹೋಯಿತು. ಪ್ರಜಾಪ್ರತಿನಿಧಿ ಸಭೆ ಕಚೇರಿಯ ಸ್ಥಾನವನ್ನು ತುಂಬಲಾರದ್ದು ಇಲ್ಲಿ. ರಂಗಾಚಾರ್ಲು ಅವರ ಯೋಜನೆಯಲ್ಲಿ ನನಗೆ ಕಾಣುವ ದೋಷವೂ ಇದೇ: ಉಳ್ಳವರ ದನಿ ಹುಜೂರಿಗೆ ಹತ್ತಿರವಾದ ಹೊತ್ತಿನಲ್ಲೇ ಇಲ್ಲದವರ ಅರ್ಜಿ ಕಚೇರಿಯಿಂದ ದೂರವಾಯಿತು.

ತಮ್ಮ ಕ್ರಮಗಳ ಫಲವನ್ನು ನೋಡಿ ತಿದ್ದಿಕೊಳ್ಳಲು ಅವರಿಗೆ ಆಯುಸ್ಸು ಸಾಲಲಿಲ್ಲ. 1883ರ ಜನವರಿಯಲ್ಲಿ, ದಿವಾನಗಿರಿಯ ಎರಡು ವರ್ಷವೂ ತುಂಬುವ ಮೊದಲೇ, ಅವರು ತೀರಿಕೊಂಡರು. ನಂತರ ಬಂದ ಕೆ. ಶೇಷಾದ್ರಿ ಅಯ್ಯರ್ ಜಿಲ್ಲಾಡಳಿತವನ್ನು ಒಳಗಿನಿಂದ ಬಲ್ಲವರು. ರಂಗಾಚಾರ್ಲು ಅವರ ರೈಲನ್ನು ಅವರು ಮುಂದುವರಿಸಿದರು. ತುಮಕೂರಿಗೆ 1884ರಲ್ಲಿ ಗಾಡಿ ಓಡಿತು. ಸಭೆಯನ್ನೂ ಮುಂದುವರಿಸಿದರು. ಬಿಟ್ಟುಕೊಟ್ಟದ್ದು ಜಿಲ್ಲೆಗಳ ಕಡಿತವನ್ನು: 1886ರಲ್ಲಿ ಹಾಸನವೂ ಚಿತ್ರದುರ್ಗವೂ ಮತ್ತೆ ಜಿಲ್ಲೆಗಳಾದವು. ಸಾಲ ಇನ್ನೂ ತೀರಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಕೈಯಲ್ಲಿ ಹಣ ಹೆಚ್ಚಾಗಿ ಜಿಲ್ಲೆಗಳನ್ನು ಹಿಂತಿರುಗಿಸಿದರೆಂದು ಹೇಳುವುದಕ್ಕಿಂತ, ಜಿಲ್ಲೆಗಳಿಲ್ಲದೆ ಕೆಲಸ ನಡೆಯದೆಂದು ಕಂಡು ಹಿಂತಿರುಗಿಸಿದರೆಂದು ತಿಳಿಯುವುದು ಹೆಚ್ಚು ಸರಿ. ಅದೇ ದಿವಾನರ ಕಾಲದಲ್ಲಿ, ಶತಮಾನದ ಕೊನೆಗೆ, ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ದೊಡ್ಡ ಕಟ್ಟೆಯ ಕೆಲಸ ಆರಂಭವಾಯಿತು. ಅದು ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಬಳಿ. ಹದಿನಾರು ವರ್ಷಗಳ ಹಿಂದೆ ಲೆಕ್ಕದ ಪುಸ್ತಕದಿಂದ ಹೊಡೆದುಹಾಕಿದ್ದ ಜಿಲ್ಲೆ ಅದು.

ಮರುಸ್ಥಾಪನೆಯಾದ ಚಿತ್ರದುರ್ಗಕ್ಕೆ ಹಳೆಯ ಮೈಯೆಲ್ಲ ಮರಳಿ ಬರಲಿಲ್ಲ. ಪಾವಗಡ ತಾಲ್ಲೂಕು ತುಮಕೂರಿನ ಪಾಲಾಯಿತು, ಇಂದಿಗೂ ಅಲ್ಲೇ ಇದೆ. ಜಿಲ್ಲೆಯ ನಕಾಶೆಯನ್ನು ತೆಗೆದು ನೋಡಿದರೆ ಪಾವಗಡ ತನ್ನ ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡಿಲ್ಲ. ಆಂಧ್ರದ ಸೀಮೆಯ ನಡುವೆ ಚಾಚಿಕೊಂಡು, ಕರ್ನಾಟಕದ ಕಡೆಯಲ್ಲಿ ಚಿತ್ರದುರ್ಗ ಜಿಲ್ಲೆಯನ್ನಷ್ಟೇ ಮುಟ್ಟುತ್ತದೆ. ಅಲ್ಲಿನವರು ಇಂದಿಗೂ ಜಿಲ್ಲಾಧಿಕಾರಿಯ ಕಚೇರಿಗೆ ಹೋಗಬೇಕಾದರೆ ಮಡಕಶಿರಾ ಸೀಮೆಯನ್ನು ಹಾಯ್ದು, ನೆರೆಯ ರಾಜ್ಯದೊಳಗೆ ಹೊಕ್ಕು ಹೊರಬಂದು, ಮಧುಗಿರಿಯ ಮೇಲೆ ತುಮಕೂರಿಗೆ ಹೋಗುತ್ತಾರೆ.